ಒಂದು ಮಹಡಿ ಉದ್ದದ ಮಾತು

ಆ ಕಟ್ಟಡದ ಲಿಫ್ಟು ಎಷ್ಟು ನಿಧಾನವೆಂದರೆ, ಕೆಳಗೆ ಹತ್ತಿದ ಹುಡುಗನಿಗೆ ಮೇಲೆ ಇಳಿಯುವ ಹೊತ್ತಿಗೆ ಮೀಸೆ ಬಂದಿರುತ್ತಿತ್ತು. ಬಿಸಿ ಚಹಾ ಹಿಡಿದುಕೊಂಡು ಹತ್ತಿದವರು ಮೇಲೆ ಹೋಗಿ ಅದನ್ನು ತಣ್ಣೀರಿನಂತೆ ಗಟಗಟ ಕುಡಿಯುತ್ತಿದ್ದರು. ಜಗಳವಾಡುತ್ತ ಹತ್ತಿದ ಇಬ್ಬರು ಇಳಿಯುವಷ್ಟರಲ್ಲಿ ಬೀಗರಾಗಿದ್ದೂ ಉಂಟು. ನಂಬದವರು ಲಿಫ್ಟಣ್ಣನನ್ನೇ ಕೇಳಬಹುದು. ಅವನು ಇದಕ್ಕಿಂತ ಹೆಚ್ಚಿಗೆ ಹೇಳುತ್ತಾನೆಯೇ ಹೊರತು ಕಡಿಮೆ ಹೇಳುವವನಲ್ಲ.

ಲಿಫ್ಟಣ್ಣ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರನ್ನು ಸಂಬಳ ಕೊಡುವ ಗುಮಾಸ್ತರು ಬಿಟ್ಟರೆ ಇನ್ಯಾರೂ ಬಳಸದೆ ಅದಕ್ಕೆ ತುಕ್ಕು ಹಿಡಿದಿತ್ತು. ಹರೆಯದಲ್ಲಿ ಅವನು ಈ ಸಂಶೋಧನಾಲಯಕ್ಕೆ ಬಂದದ್ದು ಒಂದು ಕಬ್ಬಿಣದ ಬೀರುವನ್ನು ಬೆನ್ನ ಮೇಲೆ ಹೊತ್ತುಕೊಂಡು. ಬೀರುವಿನ ಜೊತೆ ಲಿಫ್ಟಿನೊಳಗೆ ನಿಂತ. ಆಗಿನ ಲಿಫ್ಟಿನವನು, "ಈ ಹಿಡಿಕೆ ಸ್ವಲ್ಪ ಹಿಡ್ಕೊಂಡಿರಪ್ಪ, ಊಟ ಮಾಡ್ಕೊಂಡು ಬಂದೆ" ಎಂದು ಹೋದವನು ಇವತ್ತಿನವರೆಗೂ ಕೈ ತೊಳೆದು ಬಂದಿಲ್ಲ. ಬೀರುವನ್ನು ಮೇಲೆ ಒಯ್ಯದೆ ಕೆಳಮಹಡಿಯಲ್ಲೇ ಇಳಿಸಿದರು. ಇವನನ್ನು ಇಳಿಸುವುದು ಎಲ್ಲರಿಗೂ ಮರೆತುಹೋಯಿತು.

ಜಾಲರಿ ಬಾಗಿಲಿನ ಹಳೆಯ ಲಿಫ್ಟು ಅದು. ಒಳಗೊಂದು ಹಿತ್ತಾಳೆ ಹಿಡಿಕೆ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ನಡುವೆ ಬಿಟ್ಟರೆ ಇದ್ದಲ್ಲೇ. ಲಿಫ್ಟಿನ ಗೂಡಿನ ಸುತ್ತ ಮೆಟ್ಟಿಲುಗಳು ಹಾವಿನ ಹಾಗೆ ಸುತ್ತಿಕೊಂಡು ಮೇಲೇರಿದ್ದವು. ಹೊಸ ಲಿಫ್ಟು ಹಾಕಿಸಲು ಆಡಳಿತದವರು ಆಗಾಗ ಬಂದು ನೋಡುತ್ತಿದ್ದರು. ಮೇಲೆ ಹೋಗಿ ಬರುವಷ್ಟರಲ್ಲಿ ಅವರ ವರ್ಗವಾಗಿರುತ್ತಿತ್ತು.

ಕೆಳಮಹಡಿ ಔಷಧಿಯವರದು. ಅಲ್ಲಿನ ಯಜಮಾನರು ಮಂಡಿ ಡಾಕ್ಟರು, ತೆಳ್ಳಗಿನ ಮನುಷ್ಯ, ಮಾತನಾಡುವಾಗಲೂ ಯಾರದಾದರೂ ಮಂಡಿಯನ್ನೇ ನೋಡುತ್ತಿದ್ದವರು. ನಡುಮಹಡಿ ಗಿಡದವರದು. ಅಲ್ಲಿದ್ದವಳು ಗಿಡದ ಮೇಡಂ, ಇನ್ನೂ ಚಿಕ್ಕ ವಯಸ್ಸು, ಉಗುರಿನಲ್ಲಿ ಯಾವಾಗಲೂ ಮಣ್ಣು. ಮೇಲ್ಮಹಡಿಯಲ್ಲಿ ಹೊಸ ಹೊಸ ವಸ್ತು ತಯಾರಿಸುವವರು, ಎಂದರೆ ಪ್ಲಾಸ್ಟಿಕ್ಕಿಗೂ ಅಂಟಿಗೂ ರಬ್ಬರಿಗೂ ನಡುವಿನ ಏನೇನನ್ನೋ ಎಳೆದು, ಹರಿದು, ಕುದಿಸಿ ನೋಡುವವರು. ಅವರ ಯಜಮಾನರಿಗೆ ಅಂಟು ಸಾಹೇಬರು ಎಂದು ಹೆಸರು. ಅವರ ಕೈ ಕುಲುಕಿದವರು ಸಂಜೆಯವರೆಗೂ ಬಿಡಿಸಿಕೊಳ್ಳಲಾಗದೆ ಅವರ ಜೊತೆಯಲ್ಲೇ ಓಡಾಡುತ್ತಿದ್ದರಂತೆ.

ಈಚೆಗೆ ಮೂರೂ ಮಹಡಿಯವರು ಸೇರಿ ಒಂದೇ ಕೆಲಸ ಹಿಡಿದಿದ್ದರು. ಗಿಡದ ಮೇಡಂ ಬೆಳೆಸುತ್ತಿದ್ದ ಒಂದು ಜಾತಿಯ ಪುಟ್ಟ ಗಿಡದ ಎಲೆಯಲ್ಲಿ ಕೀಲುನೋವಿಗೆ ಆಗಿಬರುವ ಏನೋ ಇದೆಯೆಂದು ಅನುಮಾನ. ಎಲೆಯ ಸತ್ವ ಮೇಲ್ಮಹಡಿಗೆ ಹೋಗುತ್ತಿತ್ತು. ಅಲ್ಲಿ ಅಂಟು ಸಾಹೇಬರು ಅದಕ್ಕೊಂದು ಹೊಸ ಬಗೆಯ ಕವಚ ತೊಡಿಸಿ ಮಾತ್ರೆ ಮಾಡುತ್ತಿದ್ದರು. ಮಾತ್ರೆ ಕೆಳಮಹಡಿಗೆ ಇಳಿದು ಮಂಡಿನೋವಿನವರ ಬಾಯಿ ಸೇರುತ್ತಿತ್ತು. ಮೇಲೆ ಕೆಳಗೆ ಒಯ್ಯುವವನು ಲಿಫ್ಟಣ್ಣ. ಆದ್ದರಿಂದ ಈ ಸಂಶೋಧನೆಯಲ್ಲಿ ತನ್ನದೂ ಒಂದು ಕೈ ಇದೆಯೆಂದು, ಅದೂ ಬಲಗೈ ಎಂದು, ಅವನು ತಿಳಿದುಕೊಂಡಿದ್ದ.

ಆದರೆ ತಿಳಿವಳಿಕೆಯ ವಿಷಯಕ್ಕೆ ಬಂದರೆ ಅವನದು ವಿಚಿತ್ರ ಸ್ಥಿತಿ. ಇಷ್ಟು ವರ್ಷ ಪಂಡಿತರ ಮಧ್ಯೆ ನಿಂತೂ ಅವನು ಒಂದು ಮಾತನ್ನೂ ಕೊನೆಯವರೆಗೆ ಕೇಳಿರಲಿಲ್ಲ. ಬಾಗಿಲು ಹಾಕಿದಾಗ ಶುರುವಾದ ಮಾತು ಬಾಗಿಲು ತೆಗೆದಾಗ ಅರ್ಧಕ್ಕೇ ಲಿಫ್ಟು ಬಿಟ್ಟು ಹೋಗುತ್ತಿತ್ತು. "ಒಂದು ಗಿಡಕ್ಕೆ ಹುಳ ಕಚ್ಚಿದ್ರೆ ಪಕ್ಕದ ಗಿಡಕ್ಕೆ ಗೊತ್ತಾಗುತ್ತೆ, ಹೇಗೆ ಅಂದ್ರೆ" ಎನ್ನುವಷ್ಟರಲ್ಲಿ ನಡುಮಹಡಿ. "ಈ ಹಾಳೆ ತುಂಡಾದ್ರೂ ಚಿಂತೆಯಿಲ್ಲ, ತಾನೇ ಕೂಡ್ಕೊಳ್ಳುತ್ತೆ, ಆದ್ರೆ ಒಂದೇ ಒಂದು ತೊಂದರೆ" ಎನ್ನುವಷ್ಟರಲ್ಲಿ ಮೇಲ್ಮಹಡಿ. ಹೀಗೆ ಅವನ ವಿದ್ಯೆಯೆಲ್ಲ ಒಂದೊಂದು ಮಹಡಿ ಉದ್ದದ್ದು. ಬಾಲವಿಲ್ಲದ ಆ ತುಂಡುಗಳನ್ನು ಅವನು ಸಂಜೆ ಮನೆಗೆ ಕೊಂಡೊಯ್ದು, ಇದರ ಬಾಲ ಅದಕ್ಕೆ ಅಂಟಿಸಿ, ಹೆಂಡತಿಗೆ ಹೇಳುತ್ತಿದ್ದ.

"ಗಿಡಕ್ಕೆ ಹುಳ ಕಚ್ಚಿದ್ರೆ ಪಕ್ಕದ ಪ್ಲಾಸ್ಟಿಕ್ಕಿಗೆ ಗೊತ್ತಾಗುತ್ತಂತೆ ಕಣೇ."

"ಗೊತ್ತಾಗಿ?"

"ಗೊತ್ತಾಗಿ... ಕೂಡ್ಕೊಳ್ಳುತ್ತಂತೆ."

"ನಿಮ್ಮ ಕಟ್ಟಡದಲ್ಲಿ ಒಂದು ಮಾತಾದ್ರೂ ಮುಗಿಯುತ್ತೇನ್ರೀ?" ಎಂದು ಅವಳು ಹಲ್ಲಿನಿಂದ ದಾರ ಕಡಿಯುತ್ತಿದ್ದಳು.

ಅವಳದು ಹೊಲಿಗೆ ಕೆಲಸ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಬೀದಿ ಕಡೆಯ ಕಿಟಕಿಗೆ ಒರಗಿಸಿದ ಕಾಲುಮಿಷನ್ನು. ಆ ಬೀದಿಯ ಮಕ್ಕಳ ಶಾಲೆಯ ಬಟ್ಟೆ, ಗಂಡಸರ ಪ್ಯಾಂಟಿನ ಸೊಂಟ, ಕಿಟಕಿಗಳ ಪರದೆ ಎಲ್ಲ ಅವಳ ಕೈ ದಾಟಿಯೇ ಹೋಗಬೇಕು. ಮಿಷನ್ನು ತುಳಿಯುತ್ತ ಅವಳು ಆಡುತ್ತಿದ್ದ ಮಾತಿಗೆ ಕೆಳಗಿನ ಅಂಗಡಿಯಲ್ಲಿ ಸೈಕಲ್ಲುಗಳು ಪಂಕ್ಚರ್ ಹಾಕುವ ಮೊದಲೇ ಉಬ್ಬಿಕೊಳ್ಳುತ್ತಿದ್ದವು.

ಅಂಥವಳ ಬಲಮಂಡಿ ಹಿಡಿದುಕೊಂಡಿತು. ಎದ್ದರೆ ಕಿರ್, ಕೂತರೆ ಕಿರ್. ಆ ಸದ್ದಿಗೆ ಎದುರುಮನೆಯವರು ಯಾರೋ ಬಂದರೆಂದು ಬಾಗಿಲು ತೆಗೆದು ನೋಡುತ್ತಿದ್ದರು. ಮಿಷನ್ನು ತುಳಿಯುವುದು ನಿಂತಿತು. ಅದರ ಮೇಲೊಂದು ಬಟ್ಟೆ ಹೊದಿಸಿದಳು, ಬಟ್ಟೆಯ ಮೇಲೆ ರೇಡಿಯೋ ಇಟ್ಟಳು, ರೇಡಿಯೋದ ಮೇಲೆ ಕನ್ನಡಕ. ಕೊನೆಗೆ ಮಾತೂ ಕಡಿಮೆಯಾಯಿತು. ಗಂಡ ಪ್ಲಾಸ್ಟಿಕ್ಕಿನ ಸುದ್ದಿ ತಂದರೆ "ಹೂಂ" ಎನ್ನುವಳು, ಬೇರಿನ ಸುದ್ದಿ ತಂದರೂ "ಹೂಂ". ಒಂದು ಸಂಜೆ ಅವನು ಪರೀಕ್ಷೆಗೆಂದೇ, "ಇವತ್ತು ಲಿಫ್ಟು ಹಾರಿ ಹೋಯ್ತು" ಎಂದ. ಅದಕ್ಕೂ "ಹೂಂ" ಎಂದಳು.

ಮರುದಿನವೇ ಲಿಫ್ಟಣ್ಣ ಮಂಡಿ ಡಾಕ್ಟರ ಕಾಲು ಹಿಡಿದ. ಹೊಸ ಮಾತ್ರೆಯ ಪರೀಕ್ಷೆಗೆ ಜನ ಬೇಕಾಗಿತ್ತು, ಅವಳನ್ನೂ ಸೇರಿಸಿಕೊಂಡರು. ಮೊದಲ ದಿನ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಅವಳ ಮಂಡಿಗೇ ಹೇಳಿದರು: "ಅರ್ಧ ಜನಕ್ಕೆ ಎಲೆಯ ಸತ್ವ ಇರೋ ಮಾತ್ರೆ. ಇನ್ನರ್ಧ ಜನಕ್ಕೆ ಬರೀ ಹಿಟ್ಟು. ನೋಡೋಕೆ ಎರಡೂ ಒಂದೇ ಥರ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ."

"ಮತ್ತೆ ಯಾರಿಗೆ ಗೊತ್ತಿರುತ್ತೆ ಸಾರ್?" ಎಂದ ಲಿಫ್ಟಣ್ಣ.

"ಆ ಬೀರುವಿಗೆ" ಎಂದು ಡಾಕ್ಟರು ಮೂಲೆಯತ್ತ ಕೈ ತೋರಿಸಿದರು. "ಪರೀಕ್ಷೆಯೆಲ್ಲ ಮುಗಿದ ಮೇಲೇ ಅದನ್ನ ತೆಗೆಯೋದು."

ಹರೆಯದಲ್ಲಿ ತಾನು ಬೆನ್ನ ಮೇಲೆ ಹೊತ್ತು ತಂದ ಬೀರು. ಲಿಫ್ಟಣ್ಣ ಅದನ್ನೇ ದಿಟ್ಟಿಸಿದ. ಹೊತ್ತವನ ಮುಖದ ಗುರುತೂ ಇಲ್ಲದಂತೆ ಅದು ನಿಂತಿತ್ತು.

"ದಿನಕ್ಕೆ ಒಂದು. ಒಂದು ಲೋಟ ನೀರಿನ ಜೊತೆ. ನೀರಿಲ್ಲದೆ ನುಂಗಬಾರದು. ಸೀಸೆಯಲ್ಲಿ ಉಳಿದದ್ದನ್ನ ಪ್ರತಿ ಸಲ ವಾಪಸ್ ತರಬೇಕು, ಲೆಕ್ಕ ಸರಿ ಇರಬೇಕು" ಎಂದು ಡಾಕ್ಟರು ಸೀಸೆ ಕೊಟ್ಟರು.

ಆಮೇಲೆ ಆದದ್ದು ಇಷ್ಟು. ಕೆಲವು ವಾರಗಳಲ್ಲಿ ಕಿರ್ ಎನ್ನುವುದು ನಿಂತಿತು. ರೇಡಿಯೋ ಮಿಷನ್ನಿನಿಂದ ಇಳಿದು ಕಪಾಟಿಗೆ ಹೋಯಿತು. ಒಂದು ಸಂಜೆ ಲಿಫ್ಟಣ್ಣ ಬೀದಿಯ ತಿರುವಿಗೆ ಬರುವಾಗಲೇ ಮಿಷನ್ನಿನ ಸದ್ದು ಕೇಳಿಸಿತು. ಅವನು ಅಲ್ಲೇ ನಿಂತು, ಬೇರೆಯವರ ಮನೆಯದಿರಬಹುದೆಂದು ಎರಡೆರಡು ಸಲ ಕಿವಿಗೊಟ್ಟ. ಮಾತೂ ಮರಳಿತು. ಮರಳಿದ್ದೇನು, ಬಾಕಿಯೆಲ್ಲ ಸೇರಿಸಿ ಬಂತು. ಸಂಶೋಧನಾಲಯಕ್ಕೆ ಬಂದಾಗ ಅವಳು ಗಂಡನ ಲಿಫ್ಟಿಗೆ ಕಾಲಿಡುತ್ತಿರಲಿಲ್ಲ. "ವಾಸಿಯಾಗಿರೋ ಕಾಲನ್ನ ನಿಮ್ಮ ಪೆಟ್ಟಿಗೆಯಲ್ಲಿ ನಿಲ್ಲಿಸ್ಕೊಂಡು ಮುಪ್ಪು ತಂದ್ಕೊಳ್ಳಲಾ?" ಎಂದು ಮೆಟ್ಟಿಲು ಹತ್ತಿ, ಮೇಲಿನ ತಂಗಾಳಿ ಕುಡಿದು ಇಳಿದು ಬರುತ್ತಿದ್ದಳು. ಅವನು ಇನ್ನೂ ಅರ್ಧ ದಾರಿಯಲ್ಲಿರುತ್ತಿದ್ದ.

ಸಂತೋಷಪಡಬೇಕಾದ ಮನುಷ್ಯ ಯೋಚನೆಗೆ ಬಿದ್ದ. ಅವಳ ಕಾಲು ನೆಟ್ಟಗೆ ನಿಂತಿದೆ ಸರಿ, ಆದರೆ ಯಾವುದರ ಮೇಲೆ ನಿಂತಿದೆ? ಎಲೆಯ ಮೇಲೋ, ಹಿಟ್ಟಿನ ಮೇಲೋ? ಎಲೆಯಾದರೆ ನಿಶ್ಚಿಂತೆ. ಹಿಟ್ಟಾಗಿದ್ದರೆ? ಒಂದಲ್ಲ ಒಂದು ದಿನ ಆ ಬೀರು ಬಾಯಿ ಬಿಡುತ್ತದೆ. "ಅಮ್ಮಾ, ನೀವು ತಿಂದಿದ್ದು ಹಿಟ್ಟು" ಎನ್ನುತ್ತಾರೆ. ಆಗ ಮಂಡಿಗೂ ಕೇಳಿಸುತ್ತದಲ್ಲ. ಕಾಲು ಮುರಿದ ಕುರ್ಚಿಯ ಹಾಗೆ ಅವಳು ಅಲ್ಲೇ ಕುಸಿದರೆ? ಮತ್ತೆ ಮಿಷನ್ನಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ರೇಡಿಯೋ, "ಹೂಂ". ಈ ಯೋಚನೆಯಲ್ಲಿ ಅವನು ಬಲಕ್ಕೆ ತಿರುಗಿಸಬೇಕಾದಲ್ಲಿ ಎಡಕ್ಕೆ ತಿರುಗಿಸತೊಡಗಿದ. ಮೇಲ್ಮಹಡಿಯವರು ಕೆಳಗಿಳಿದು, ಮಂಡಿನೋವಿನವರ ಸಾಲಿನಲ್ಲಿ ಕೂತು, ತಮ್ಮ ಸರದಿ ಬಂದ ಮೇಲೆ ಎಚ್ಚೆತ್ತುಕೊಂಡರು.

ಹೀಗಿರುವಾಗ ಒಂದು ಬೆಳಗ್ಗೆ ಮಂಡಿ ಡಾಕ್ಟರೂ ಗಿಡದ ಮೇಡಮ್ಮೂ ಒಟ್ಟಿಗೆ ಕೆಳಗಿನಿಂದ ಹತ್ತಿದರು. ಡಾಕ್ಟರು ಗೋಳು ಹೇಳಿಕೊಳ್ಳುತ್ತಿದ್ದರು.

"ಈ ಜನರನ್ನ ಇಟ್ಕೊಂಡು ಏನು ಮಾಡ್ಲಮ್ಮ? ಖಾಲಿ ಮಾತ್ರೆ ಕೊಟ್ರೂ ಎದ್ದು ಓಡಾಡ್ತಾರೆ. ಇಂಥ ಪರೀಕ್ಷೆಯಲ್ಲಿ ಯಾವಾಗ್ಲೂ ಇದೇ ಪಾಡು."

ಮೇಡಂ ನಕ್ಕಳು. "ಅದಕ್ಕೇ ನಾನು ಗಿಡ ಇಟ್ಕೊಂಡಿರೋದು ಸಾರ್. ಗಿಡಕ್ಕೆ ಸುಳ್ಳು ಹೇಳೋಕಾಗಲ್ಲ. ಕೊಟ್ಟಿದ್ರಲ್ಲಿ ಏನಾದ್ರೂ ಇದ್ರೆ ಏಳುತ್ತೆ, ಇಲ್ಲದಿದ್ರೆ ಇಲ್ಲ. ಆದ್ರೆ ಒಂದು—"

ನಡುಮಹಡಿ ಬಂತು. ಬಾಗಿಲು ತೆಗೆದ. ಮಾತು ಇಳಿದು ಹೋಯಿತು.

ಲಿಫ್ಟಣ್ಣನ ತಲೆಯಲ್ಲಿ ಮಾತ್ರ ಅದು ಇಳಿಯಲಿಲ್ಲ. ಗಿಡಕ್ಕೆ ಸುಳ್ಳು ಹೇಳೋಕಾಗಲ್ಲ. ಬೀರು ಹೇಳದ್ದನ್ನು, ಡಾಕ್ಟರಿಗೇ ಗೊತ್ತಿಲ್ಲದ್ದನ್ನು ಒಂದು ಗಿಡ ಹೇಳುತ್ತದೆ. ಇಷ್ಟು ಸುಲಭದ ಉಪಾಯ ಈ ಓದಿದವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವನಿಗೆ ಅವರ ಮೇಲೆ ಕನಿಕರವೂ ಬಂತು.

ಮರುದಿನ ಹೆಂಡತಿಯ ಸೀಸೆಯಿಂದ ಒಂದು ಮಾತ್ರೆಯನ್ನು ಅಂಗಿಯ ಜೇಬಿಗೆ ಇಳಿಸಿಕೊಂಡು ಕೆಲಸಕ್ಕೆ ಬಂದ. ನಡುಮಹಡಿಯ ಲಿಫ್ಟಿನ ಬಾಗಿಲ ಪಕ್ಕದಲ್ಲೇ, ದೊಡ್ಡ ಕಿಟಕಿಯ ಬೆಳಕಿಗೆ, ಮಾತ್ರೆಗೆ ಎಲೆ ಕೊಡುವ ಅದೇ ಪುಟ್ಟ ಗಿಡಗಳ ಕುಂಡಗಳ ಸಾಲೊಂದನ್ನು ಇಟ್ಟಿದ್ದರು. ಗಿಡಗಳೆಲ್ಲ ಸೊರಗಿ ಕತ್ತು ಬಾಗಿಸಿದ್ದವು. ಕೊನೆಯದಂತೂ ತನ್ನ ಕುಂಡದೊಳಗೆ ತಾನೇ ಇಣುಕಿ ನೋಡುತ್ತಿತ್ತು. ಮೇಲೊಂದು ಫಲಕ: ನೀರು ಹಾಕಬಾರದು.

ಲಿಫ್ಟಣ್ಣ ಫಲಕವನ್ನು ಓದಲಿಲ್ಲವೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಓದಿದ, ನಿಂತು ಓದಿದ. ಓದಿ ನ್ಯಾಯವಾಗಿಯೇ ಯೋಚಿಸಿದ. ತಾನು ಗಿಡಕ್ಕೆ ನೀರು ಹಾಕುತ್ತಿಲ್ಲ, ಮಾತ್ರೆ ಕೊಡುತ್ತಿದ್ದೇನೆ. ಮಾತ್ರೆಯನ್ನು ಹೇಗೆ ಕೊಡಬೇಕೆಂದು ಡಾಕ್ಟರು ಹೇಳಿಲ್ಲವೇ? ಒಂದು ಲೋಟ ನೀರಿನ ಜೊತೆ. ನೀರಿಲ್ಲದೆ ನುಂಗಬಾರದು. ಮನುಷ್ಯರಿಗೇ ಆಗದ್ದು ಗಿಡಕ್ಕೆ ಆಗುತ್ತದೆಯೇ, ಪಾಪ. ಕೊನೆಯ ಕುಂಡದ ಮಣ್ಣಿಗೆ ಬೆರಳು ತೂರಿಸಿ ಮಾತ್ರೆಯನ್ನು ಒಳಗಿಟ್ಟ. ಲಿಫ್ಟಿನ ಸ್ಟೂಲಿನ ಕೆಳಗಿದ್ದ ತನ್ನ ಬಾಟಲಿಯಿಂದ ಒಂದು ಲೋಟ ನೀರು ಬಗ್ಗಿಸಿ ಮೆಲ್ಲಗೆ ಕುಡಿಸಿದ.

ಮರುದಿನ ಬೆಳಗ್ಗೆ ಬಂದು ಜಾಲರಿಯಿಂದ ನೋಡಿದರೆ, ಸಾಲಿಗೆ ಸಾಲೇ ತಲೆ ತಗ್ಗಿಸಿರುವಾಗ ಕೊನೆಯದೊಂದು ಎದೆ ಸೆಟೆಸಿ ನಿಂತಿದೆ. ಎಲೆಗಳು ಕಿವಿ ನಿಮಿರಿಸಿದ ಕುದುರೆಯ ಹಾಗೆ. ಲಿಫ್ಟಣ್ಣ ಹಿಡಿಕೆ ಬಿಟ್ಟು ಎರಡೂ ಕೈ ಮುಗಿದ. ಎಲೆಯೇ. ಸಂಶಯವೇ ಇಲ್ಲ. ನೆಲಕ್ಕೆ ಬಿದ್ದ ಗಿಡವನ್ನೇ ಎಬ್ಬಿಸಿದ ಮಾತ್ರೆಗೆ ಒಂದು ಮಂಡಿ ಯಾವ ಲೆಕ್ಕ.

ಆದರೆ ಆ ಗಿಡವನ್ನು ನೋಡಿದವನು ಅವನೊಬ್ಬನೇ ಅಲ್ಲ. ಗಿಡದ ಮೇಡಂ ಕುಂಡದ ಮುಂದೆ ಮೊಣಕಾಲೂರಿ ಕೂತಿದ್ದಳು, ಅತ್ತಂತೆಯೂ ನಕ್ಕಂತೆಯೂ.

"ಲಿಫ್ಟಣ್ಣ, ನೋಡಿ ಇದನ್ನ. ನೀರಿಲ್ಲದೆ ಬದುಕೋ ಸಸಿ ಒಂದಾದ್ರೂ ಸಿಗಬಹುದೇನೋ ಅಂತ ಇಷ್ಟು ವರ್ಷದಿಂದ ಬಾಯಾರಿಸಿ ಬಾಯಾರಿಸಿ ನೋಡ್ತಾ ಇದ್ದೆ. ಬಿದ್ದಿದ್ದು ತಾನೇ ಎದ್ದಿದೆ. ತಾನಾಗಿ."

ಲಿಫ್ಟಣ್ಣನಿಗೆ ತಬ್ಬಿಬ್ಬಾಯಿತು. ತಾನಾಗಿ ಎಲ್ಲಿ ಎದ್ದಿತು, ಮಾತ್ರೆಯಿಂದ ಎದ್ದಿದ್ದಲ್ಲವೇ? ಮಾತ್ರೆಯೆಂದರೆ ಇವಳದೇ ಎಲೆ. ಅಂದರೆ ಗಿಡ ತನ್ನ ಎಲೆಯನ್ನು ತಾನೇ ತಿಂದು ಎದ್ದಿತೇ? ಹಾಗಿದ್ದರೆ ಎಲೆ ಮೊದಲೇ ಅದರ ಮೈಯಲ್ಲಿತ್ತಲ್ಲ, ಮೊದಲು ಯಾಕೆ ಬಿತ್ತು? ಇಷ್ಟು ಹೊತ್ತಿಗೆ ಅವನ ಯೋಚನೆಗೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಹೇಳಬೇಕೆಂದು ಬಾಯಿ ತೆರೆದ. ಕೆಳಗಿನಿಂದ ಗಂಟೆ ಬಾರಿಸಿತು. ಅವನ ಮಾತೂ ಒಂದು ಮಹಡಿಗೆ ಮೊದಲೇ ಮುಗಿಯಿತು.

ಅದರ ಮರುದಿನ ಸೀಸೆ ತೋರಿಸುವ ದಿನ. ಹೆಂಡತಿ ಒಗೆದ ಸೀರೆಯುಟ್ಟು, ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕೆಳಮಹಡಿಗೆ ಬಂದಳು. ಲಿಫ್ಟು ಕೆಳಗೇ ಇತ್ತು. ಜಾಲರಿಯಿಂದ ಲಿಫ್ಟಣ್ಣನಿಗೆ ಡಾಕ್ಟರ ಕೋಣೆಯ ಒಳಗಿನದೆಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು. ಡಾಕ್ಟರು ಉಳಿದ ಮಾತ್ರೆಗಳನ್ನು ತಟ್ಟೆಗೆ ಸುರಿದು ಎಣಿಸಿದರು. ಮತ್ತೆ ಎಣಿಸಿದರು. ಮೊದಲ ಸಲ ಅವರು ತಲೆಯೆತ್ತಿ ಅವಳ ಮುಖ ನೋಡಿದರು.

"ಒಂದು ಕಮ್ಮಿ ಇದೆಯಲ್ಲಮ್ಮ. ಒಂದು ದಿನ ಎರಡು ತಗೊಂಡ್ರಾ?"

"ಇಲ್ಲ."

"ಬೇಗ ವಾಸಿಯಾಗ್ಲಿ ಅಂತ ಕೆಲವರು ತಗೋತಾರೆ. ತಪ್ಪೇನಿಲ್ಲ, ಹೇಳಿಬಿಡಿ."

"ತಪ್ಪಿಲ್ಲ ಅಂದ್ರೆ ಯಾಕೆ ಕೇಳ್ತಿದೀರಿ? ನಾನು ದಿನಕ್ಕೊಂದೇ ತಗೊಂಡಿದ್ದು. ಬಟ್ಟೆ ಅಳತೆಯಲ್ಲೇ ನಾನು ನೂಲೆಳೆ ತಪ್ಪಿದವಳಲ್ಲ, ಮಾತ್ರೆಯಲ್ಲಿ ತಪ್ತೀನಾ?"

ಡಾಕ್ಟರು ಬೇಸರದಿಂದ ಕನ್ನಡಕ ತೆಗೆದರು. "ಹೆಚ್ಚಿಗೆ ತಗೊಂಡವರನ್ನ ಪರೀಕ್ಷೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲಮ್ಮ. ನನ್ನ ಕೈಯಲ್ಲಿಲ್ಲ ಇದು. ಈಗ ಮೇಲೆ ಮೂರೂ ಮಹಡಿಯವರ ಸಭೆ ಇದೆ, ಅಲ್ಲಿ ಹೇಳ್ತೀನಿ. ಬಹುಶಃ ಇವತ್ತಿಂದ ಮಾತ್ರೆ ನಿಲ್ಲಿಸಬೇಕಾಗುತ್ತೆ."

"ನೀವು ಹೇಳೋದೇನು, ನಾನೇ ಬಂದು ಹೇಳ್ತೀನಿ. ನನ್ನನ್ನ ಯಾರೂ ಆಸೆಬುರುಕಿ ಅನ್ನಬಾರದು" ಎಂದು ಅವಳು ಎದ್ದಳು. ಎದ್ದಾಗ ಸದ್ದಾಗಲಿಲ್ಲ. ಆ ಸದ್ದಿಲ್ಲದ ಮಂಡಿ ಮೆಟ್ಟಿಲ ಕಡೆಗೆ ನಡೆದದ್ದನ್ನು ಲಿಫ್ಟಣ್ಣ ಜಾಲರಿ ಹಿಡಿದು ನೋಡಿದ. ಇವತ್ತಿನಿಂದ ಮಾತ್ರೆ ಇಲ್ಲ. ಎಲೆಯೂ ಇಲ್ಲ, ಹಿಟ್ಟೂ ಇಲ್ಲ. ಅದೂ ತನ್ನಿಂದ.

ಡಾಕ್ಟರು ಸೀಸೆ ಹಿಡಿದು ಲಿಫ್ಟು ಹತ್ತಿದರು. ಹೊರಗೆ ಚಹಾ ಕುಡಿಯಲು ಹೋಗಿದ್ದ ಅಂಟು ಸಾಹೇಬರೂ ಬಂದು ಹತ್ತಿದರು. ನಡುಮಹಡಿಯಲ್ಲಿ ಗಿಡದ ಮೇಡಂ ಆ ಕೊನೆಯ ಕುಂಡವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಹತ್ತಿದಳು, ಸಭೆಯಲ್ಲಿ ತೋರಿಸಬೇಕಿತ್ತು. ಲಿಫ್ಟು ಹೊರಟಿತು. ಸುತ್ತಲಿನ ಮೆಟ್ಟಿಲಿನಲ್ಲಿ ಹೆಂಡತಿಯ ಚಪ್ಪಲಿಯ ಸದ್ದು, ಒಮ್ಮೆ ಎಡಕ್ಕೆ, ಒಮ್ಮೆ ಹಿಂದಕ್ಕೆ, ಒಮ್ಮೆ ಬಲಕ್ಕೆ ಕೇಳಿಸುತ್ತಿತ್ತು.

ಮೇಡಂ ಹೇಳುತ್ತಿದ್ದಳು: "ಇವತ್ತು ಇದನ್ನ ಎಲ್ಲರಿಗೂ ಹೇಳಿಬಿಡ್ತೀನಿ ಸಾರ್. ಇದರ ಬೀಜ ತೆಗೆದು, ನೀರಿಲ್ಲದ ಹೊಲಗಳಲ್ಲಿ—"

ಲಿಫ್ಟಣ್ಣ ಹಿಡಿಕೆಯನ್ನು ನಡುವಿಗೆ ತಂದು ಬಿಟ್ಟ. ಲಿಫ್ಟು ಎರಡು ಮಹಡಿಗಳ ಮಧ್ಯೆ ನಿಂತಿತು.

"ಕೆಟ್ಟುಹೋಯ್ತಾ?" ಎಂದರು ಅಂಟು ಸಾಹೇಬರು.

"ಇಲ್ಲ ಸಾರ್, ನಾನೇ ನಿಲ್ಲಿಸಿದೆ. ಒಂದು ಮಾತು ಹೇಳ್ಬೇಕು. ಅದು ಒಂದು ಮಹಡಿಗೆ ಮುಗಿಯೋದಲ್ಲ."

ಮೂವರೂ ಅವನನ್ನು ನೋಡಿದರು. ಇಷ್ಟು ವರ್ಷದಲ್ಲಿ ಅವನಿಗೊಂದು ಮುಖವಿದೆಯೆಂದು ಅವರಿಗೆ ಗೊತ್ತಾದದ್ದು ಅವತ್ತೇ ಇರಬೇಕು. ಹೇಳಲು ಶುರು ಮಾಡಿದವನಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ಹೊತ್ತು ತಂದ ಬೀರುವಿನಿಂದಲೇ ಹಿಡಿದ. ಬೀರು, ರೇಡಿಯೋ, "ಹೂಂ", ಹಿಟ್ಟಿನ ಮೇಲೆ ನಿಂತ ಮಂಡಿ, ಸುಳ್ಳು ಹೇಳಲಾಗದ ಗಿಡ, ಜೇಬಿನ ಮಾತ್ರೆ ಎಲ್ಲ ಬಂತು. ಅಂಟು ಸಾಹೇಬರು ಮಧ್ಯದಲ್ಲಿ ಒಮ್ಮೆ ಗಡಿಯಾರ ನೋಡಿಕೊಂಡರು, ಆಮೇಲೆ ನೋಡುವುದನ್ನು ಬಿಟ್ಟರು.

"...ಸೀಸೆಯಿಂದ ತೆಗೆದವನು ನಾನು. ಅವಳು ಎರಡು ತಿಂದಿಲ್ಲ. ಆ ಒಂದನ್ನ ಈ ಗಿಡ ತಿಂದಿದೆ. ತಿಂದು ಎದ್ದಿದೆ."

ಮೇಡಂ ಕುಂಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ತುಂಬ ಮೆಲ್ಲಗೆ ಕೇಳಿದಳು: "ಮಾತ್ರೆ ಒಂದೇನಾ ಹಾಕಿದ್ದು?"

"ಅಯ್ಯೋ, ನಾನೇನು ಅಷ್ಟು ತಿಳಿಯದವನಾ ಮೇಡಂ? ಒಂದು ಲೋಟ ನೀರಿನ ಜೊತೆ."

ಮೇಡಂ ಎಲೆಯೊಂದನ್ನು ಬೆರಳಿನಲ್ಲಿ ಸವರಿ, "ನೀರು" ಎಂದಳು. ಅಷ್ಟೇ. ಆ ಒಂದು ಮಾತಿನಲ್ಲಿ ಅವಳ ಬೀಜವೂ ಹೊಲವೂ ಕೊಚ್ಚಿಕೊಂಡು ಹೋದವು.

"ಮಾತ್ರೆಯಿಂದ ಅಲ್ವಾ?" ಎಂದ ಲಿಫ್ಟಣ್ಣ. ಅವನ ಕಾಲ ಕೆಳಗಿನಿಂದ ಗಿಡ ಹಿಡಿದುಕೊಟ್ಟಿದ್ದ ನೆಲವೂ ಜಾರುತ್ತಿತ್ತು.

"ಮಾತ್ರೆ ಹೇಗೆ ಆಗುತ್ತಪ್ಪ" ಎಂದು ಅಂಟು ಸಾಹೇಬರು ಮುಂದೆ ಬಂದರು. "ನನ್ನ ಕವಚ ಏನಂತ ತಿಳ್ಕೊಂಡಿದೀಯ? ತಣ್ಣೀರಿಗೆ ಬಿಚ್ಚಿಕೊಳ್ಳೋದಲ್ಲ ಅದು. ಹೊಟ್ಟೆ ದಾಟಿ ಕರುಳಿಗೆ ಹೋಗ್ಬೇಕು, ಆಮೇಲೆ ತೆಗೆಯುತ್ತೆ ಬಾಗಿಲು. ತಾಯಿ, ಕುಂಡ ಸ್ವಲ್ಪ ಹಿಡಿ."

ಅವರು ಅಂಗಿಯ ತೋಳು ಮಡಿಸಿ ಮಣ್ಣಿಗೆ ಬೆರಳು ಇಳಿಸಿದರು. ಒಂದು ಸುತ್ತು ತಡಕಾಡಿದರು. ಹೊರತೆಗೆದ ಬೆರಳ ತುದಿಗೆ ಮಾತ್ರೆ ಅಂಟಿಕೊಂಡಿತ್ತು. ಇವರ ಬೆರಳಿಗೆ ಅಂಟದ್ದು ಯಾವುದಿದೆ. ಅಂಗಿಯ ಚುಂಗಿನಿಂದ ಒರೆಸಿದರು. ದುಂಡಗೆ, ನುಣ್ಣಗೆ, ಈಗಷ್ಟೇ ಹೆತ್ತ ಮೊಟ್ಟೆಯ ಹಾಗಿತ್ತು. ಆ ಲಿಫ್ಟಿನಲ್ಲಿ ಅವತ್ತು ಖುಷಿಯಾದವರು ಅವರೊಬ್ಬರೇ.

"ನೋಡಿ, ಒಂದು ಗೆರೆ ಬಿದ್ದಿಲ್ಲ. ಒದ್ದೆ ಮಣ್ಣಲ್ಲಿ ಕೂತು ಕೂಡ."

ಡಾಕ್ಟರು ಅಂಗೈ ಚಾಚಿ ಮಾತ್ರೆ ಇಸಿದುಕೊಂಡು ಸೀಸೆಯತ್ತ ನೋಡಿದರು. "ಹಾಗಾದ್ರೆ ಲೆಕ್ಕ ಸರಿಹೋಯ್ತು. ಆಕೆ ಹೆಚ್ಚಿಗೆ ತಗೊಂಡಿಲ್ಲ. ಆದದ್ದನ್ನ ಆದ ಹಾಗೇ ಸಭೆಗೆ ಹೇಳ್ತೀನಿ, ಮಾತ್ರೆ ನಿಲ್ಲಿಸೋ ಪ್ರಶ್ನೆ ಬರಲ್ಲ." ಆಮೇಲೆ ಲಿಫ್ಟಣ್ಣನ ಮಂಡಿಗೆ ಹೇಳಿದರು: "ನಿನ್ನನ್ನ ಏನು ಮಾಡ್ಬೇಕು ಅಂತ ಮಾತ್ರ ಗೊತ್ತಾಗ್ತಿಲ್ಲ."

"ಅದಿರಲಿ. ಅಷ್ಟು ತಲೆ ಕೆಡಿಸ್ಕೊಂಡಿದಾನೆ, ಪಾಪ" ಎಂದು ಅಂಟು ಸಾಹೇಬರು ಜೇಬಿನಿಂದ ಚೂರಿಯಂಥದ್ದೇನನ್ನೋ ತೆಗೆದರು. "ಇಲ್ಲಿ ಕೊಡಿ, ಎರಡು ಹೋಳು ಮಾಡ್ತೀನಿ. ಒಳಗೆ ಹಸಿರಿದ್ರೆ ಎಲೆ, ಬಿಳಿ ಇದ್ರೆ ಹಿಟ್ಟು. ಇಷ್ಟಕ್ಕೆ ಬೀರು ಯಾಕೆ ಬೇಕು?"

"ಕೂಡದು" ಎಂದರು ಡಾಕ್ಟರು. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವರಿಗೂ ನೋಡಬೇಕೆನಿಸಿರಬೇಕು. ಲಿಫ್ಟಣ್ಣ ಆ ಪುಟ್ಟ ಮೊಟ್ಟೆಯನ್ನೇ ನೋಡಿದ. ಅವಳ ಕಾಲು ಯಾವುದರ ಮೇಲೆ ನಿಂತಿದೆಯೆಂಬುದು ಅಲ್ಲಿ, ಒಂದು ಕವಚದ ಆಚೆ ಇತ್ತು.

"ಒಡೆದ್ರೆ ಮತ್ತೆ ಒಂದು ಕಮ್ಮಿ ಆಗುತ್ತಲ್ಲ."

ಜಾಲರಿಯಾಚೆಯಿಂದ ಬಂದ ದನಿ. ಲಿಫ್ಟು ನಿಂತಲ್ಲಿಗೆ ಸರಿಯಾಗಿ ಮೆಟ್ಟಿಲ ತಿರುವಿತ್ತು. ಅಲ್ಲಿ, ಅವರ ಕಣ್ಣಿಗೆ ಕಣ್ಣು ಸೇರುವಂತೆ, ಅವಳು ಕಟಕಟೆಗೆ ಒರಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ; ಅವನು ಬೀರುವಿನ ಮಾತೆತ್ತಿದಾಗಿನಿಂದಲೇ ಇರಬೇಕು.

"ಈಗಷ್ಟೇ ಲೆಕ್ಕ ಸರಿಹೋಗಿದೆ" ಎಂದಳು. "ಮತ್ತೆ ಕೆಡಿಸ್ಬೇಡಿ. ಸೀಸೆಗೆ ಹಾಕಿ, ಮುಚ್ಚಳ ಮುಚ್ಚಿ. ಡಾಕ್ಟ್ರೇ, ನಾನು ನೋಡ್ತಾ ಇದೀನಿ."

ಅವಳು ಹೇಳಿದಷ್ಟನ್ನೇ ಡಾಕ್ಟರು ಮಾಡಿದರು. ಮಣ್ಣು ತಾಗಿದ ಮಾತ್ರೆಯನ್ನು ಸೀಸೆಗೆ ಹಾಕದೆ ಒಂದು ಪುಟ್ಟ ಚೀಲದಲ್ಲಿಟ್ಟು ಸೀಸೆಯ ಜೊತೆ ಸೇರಿಸಿದರು, ಅಷ್ಟೇ ವ್ಯತ್ಯಾಸ. ಅವಳು ಗಂಡನ ಕಡೆ ತಿರುಗಿ ಅವನನ್ನು ಮೇಲಿನಿಂದ ಕೆಳಗೆ ಒಂದು ಸಲ ಅಳೆದಳು, ಬಟ್ಟೆ ಸಾಲದೆ ಬಂದಾಗ ಅಳೆಯುವ ಹಾಗೆ.

"ಒಂದು ಮಾತಾದ್ರೂ ಪೂರ್ತಿ ಆಯ್ತಲ್ಲ ನಿಮ್ಮ ಪೆಟ್ಟಿಗೆಯಲ್ಲಿ" ಎಂದು ಕೆಳಗಿಳಿದು ಹೋದಳು.

ಲಿಫ್ಟಣ್ಣನ ಕೆಲಸ ಹೋಗಲಿಲ್ಲ. ಬೇರೆಯವರು ಆ ಹಿಡಿಕೆ ಹಿಡಿಯಲು ಒಪ್ಪಲಿಲ್ಲವೆನ್ನುವುದು ಒಂದು ಕಾರಣ. ಗಿಡದ ಮೇಡಂ ಅವನ ಪರವಾಗಿ ಮಾತನಾಡಿದಳೆನ್ನುವುದು ಇನ್ನೊಂದು. ಅವಳು ಅವನ ಜೊತೆ ಕೆಲವು ದಿನ ಮಾತು ಬಿಟ್ಟಿದ್ದಳು. ಆಮೇಲೆ ಒಂದು ಮಧ್ಯಾಹ್ನ ಆ ಕುಂಡವನ್ನು ತಂದು ಅವನ ಸ್ಟೂಲಿನ ಪಕ್ಕ ಇಟ್ಟಳು. "ಇದು ಇನ್ನು ಪರೀಕ್ಷೆಗೆ ಬರಲ್ಲ. ನೀವೇ ಸಾಕಿ" ಎಂದಳು. ಇಳಿಯುವ ಮುಂಚೆ ತಿರುಗಿ, "ಅವತ್ತು ಹೇಳಬೇಕು ಅಂತಿದ್ದೆ, ಗಿಡಕ್ಕೆ ಸುಳ್ಳು ಹೇಳೋಕಾಗಲ್ಲ, ಆದ್ರೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳ್ಬೇಕು. ಎರಡು ಕೇಳಿದ್ರೆ ಅದು ಯಾವುದಕ್ಕೆ ಉತ್ತರ ಹೇಳ್ತು ಅಂತ ಗೊತ್ತಾಗಲ್ಲ" ಎಂದಳು. ಅವತ್ತಿನ ಮಾತಿಗೆ ಬಾಲ ಸಿಕ್ಕಿತು. ಹಸು ಮಾತ್ರ ಆಗಲೇ ಊರು ಬಿಟ್ಟಿತ್ತು.

ಆ ಸಂಜೆ ಕುಂಡ ಮಿಷನ್ನಿನ ಪಕ್ಕದ ಕಿಟಕಿಗೆ ಬಂತು. ಅವನು ಮುಚ್ಚಿಟ್ಟುಕೊಂಡದ್ದನ್ನು ಕೊನೆಗೂ ಕೇಳಿಯೇಬಿಟ್ಟ.

"ನಿನಗೆ ಏನನ್ಸುತ್ತೆ? ಎಲೆನೋ, ಹಿಟ್ಟೋ?"

"ಹಿಟ್ಟು" ಎಂದಳು, ಹೊಲಿಗೆ ನಿಲ್ಲಿಸದೆ. "ಮೊದಲ ದಿನ ಡಾಕ್ಟ್ರು ಹೇಳಿದ ತಕ್ಷಣ ಅಂದ್ಕೊಂಡೆ. ನನ್ನ ಅದೃಷ್ಟ ನನಗೆ ಗೊತ್ತಿಲ್ವಾ? ಯಾವುದನ್ನ ಅರ್ಧರ್ಧ ಹಂಚಿದ್ರೂ ನನ್ನ ಪಾಲಿಗೆ ಹಿಟ್ಟೇ ಬರೋದು."

"ಹಿಟ್ಟು ಅಂತ ಗೊತ್ತಿದ್ದೂ... ಮಂಡಿ ವಾಸಿಯಾಯ್ತಾ?"

"ಆಯ್ತಲ್ಲ."

"ಅದು ಹೇಗಾಗುತ್ತೆ? 'ಇದು ಹಿಟ್ಟು' ಅಂತ ನಂಬ್ಕೊಂಡು ತಿಂದವಳಿಗೆ ಹಿಟ್ಟು ಹೇಗೆ ಹಿಡಿಯುತ್ತೆ? ಹಾಗಾದ್ರೆ ಅದು ಎಲೆನೇ ಇರ್ಬೇಕು. ಆದ್ರೆ ಡಾಕ್ಟ್ರು..."

"ಮಂಡಿ ನನ್ನದು, ತಲೆನೋವು ನಿಮ್ಮದು" ಎಂದು ಅವಳು ದಾರ ಕಡಿದಳು. ಎದ್ದು, ಸೀಸೆಯಿಂದ ಅವತ್ತಿನ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು, ಲೋಟದ ಅರ್ಧ ನೀರು ಕುಡಿದಳು. ಉಳಿದ ಅರ್ಧವನ್ನು ಚೆಲ್ಲಲು ಮನಸ್ಸಾಗದೆ ಕುಂಡಕ್ಕೆ ಬಗ್ಗಿಸಿದಳು.

ಅಂದಿನಿಂದ ಅದೇ ಅಭ್ಯಾಸ. ಅರ್ಧ ಲೋಟ ಅವಳಿಗೆ, ಅರ್ಧ ಲೋಟ ಗಿಡಕ್ಕೆ. ಕೆಳಮಹಡಿಯ ಬೀರು ಇನ್ನೂ ಬಾಯಿ ಬಿಟ್ಟಿಲ್ಲ. ಗಿಡ ಕಿಟಕಿಯ ಸರಳು ಹಿಡಿದು ಮೇಲೇರುತ್ತಿದೆ. ಎದುರುಮನೆಯವರು ತಮ್ಮ ತಾರಸಿಯಲ್ಲಿ ಅದರ ಒಂದು ಎಲೆಯನ್ನು ಕಂಡೆವೆನ್ನುತ್ತಾರೆ. ಮಿಷನ್ನಿನ ಸದ್ದು ತಿರುವಿನವರೆಗೂ ಕೇಳಿಸುತ್ತದೆ. ಲಿಫ್ಟಣ್ಣ ಮಂಚದ ತುದಿಯಲ್ಲಿ ಕೂತು ಒಮ್ಮೆ ಗಿಡವನ್ನು ನೋಡುತ್ತಾನೆ, ಒಮ್ಮೆ ಮಂಡಿಯನ್ನು ನೋಡುತ್ತಾನೆ, ಆಮೇಲೆ ಎರಡರ ನಡುವೆ ಖಾಲಿಯಾಗಿ ನಿಂತಿರುವ ಲೋಟವನ್ನು ನೋಡುತ್ತಾನೆ. ತಲೆ ಕೆರೆದುಕೊಳ್ಳುತ್ತಾನೆ.

"ಅಲ್ಲಾ ಕಣೇ, ಒಂದು ವೇಳೆ..." ಎಂದು ಶುರು ಮಾಡುತ್ತಾನೆ.

"ಹೂಂ, ಮುಂದೆ?" ಎನ್ನುತ್ತಾಳೆ ಅವಳು, ಮಿಷನ್ನು ತುಳಿಯುತ್ತಲೇ.

ಮುಂದಿನದು ಅವನಿಗೂ ಗೊತ್ತಿಲ್ಲ.